ಕುದುರೆಯ ಬಾಕಿ

ಪ್ರವಾಸದಲ್ಲಿ ಆದ ಗೆಳೆತನವನ್ನು ಊರಿನ ಗೆಳೆತನದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಊರಿನ ಗೆಳೆಯನ ಸಂಬಳವೆಷ್ಟು, ಸಾಲವೆಷ್ಟು, ಅವನ ಅಣ್ಣತಮ್ಮಂದಿರ ವ್ಯಾಜ್ಯ ಯಾವ ಕೋರ್ಟಿನಲ್ಲಿದೆ ಎಂಬುದೆಲ್ಲ ನಮಗೆ ಗೊತ್ತಿರುತ್ತದೆ; ಆದರೆ ಅವನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾನೆಯೇ ಎಂಬುದು ಗೊತ್ತಿರುವುದಿಲ್ಲ. ಪ್ರವಾಸದ ಗೆಳೆಯನ ವಿಷಯದಲ್ಲಿ ಇದು ತಿರುವುಮುರುವು. ಅವನ ಗೊರಕೆ ಗೊತ್ತು, ಕಾಲುನೋವು ಗೊತ್ತು, ಹಸಿವು ತಡೆಯಲಾರದಾಗ ಅವನು ಯಾರ ಮೇಲೆ ರೇಗುತ್ತಾನೆಂಬುದೂ ಗೊತ್ತು. ಉಳಿದ ಇಡೀ ಮನುಷ್ಯ ಗೊತ್ತಿಲ್ಲ. ಬೀಳ್ಕೊಳ್ಳುವಾಗ ನಿಲ್ದಾಣದಲ್ಲಿ ವಿಳಾಸ ಬರೆದುಕೊಂಡು, "ನಮ್ಮೂರಿಗೆ ಬರಲೇಬೇಕು" ಎಂದು ಕೈ ಹಿಡಿದುಕೊಂಡು ಹೇಳುತ್ತೇವೆ. ಹಾಗೆ ಹೇಳಿದವರ ಊರಿಗೆಲ್ಲ ಜನ ನಿಜಕ್ಕೂ ಹೋಗತೊಡಗಿದರೆ ರೈಲ್ವೆ ಇಲಾಖೆಗೆ ಗಾಡಿಗಳು ಸಾಲುತ್ತಿರಲಿಲ್ಲ.

ಆದರೂ ಅಪರೂಪಕ್ಕೆ ಕೆಲವರು ಹೋಗುವುದುಂಟು.

ಇಲ್ಲಿ ಹೇಳಹೊರಟಿರುವ ನಾಲ್ವರು 2018ರ ಸೆಪ್ಟೆಂಬರಿನಲ್ಲಿ ಕೇದಾರನಾಥದ ಯಾತ್ರೆಗೆ ಹೋದವರು. ಹರಿದ್ವಾರದಿಂದ ಹೊರಟ ಬಸ್ಸಿನ ಹಿಂದಿನ ಸಾಲಿನಲ್ಲಿ ಕನ್ನಡ ಕೇಳಿಸಿ ಒಬ್ಬರನ್ನೊಬ್ಬರು ತಿರುಗಿ ನೋಡಿದರು, ಅಷ್ಟೇ ಪರಿಚಯ. ಯಾತ್ರೆಯಲ್ಲಿ ಹೆಸರುಗಳಿಗೆ ಹೆಚ್ಚಿನ ಬೆಲೆಯಿಲ್ಲ, ಊರೇ ಹೆಸರಾಗುತ್ತದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು 'ಮೈಸೂರಿನವರು'. ಬಟ್ಟೆಯಂಗಡಿಯ ಯಜಮಾನರು 'ಹುಬ್ಬಳ್ಳಿಯವರು'. ವಿದ್ಯುತ್ ಕೆಲಸಗಳ ಗುತ್ತಿಗೆ ಹಿಡಿಯುತ್ತಿದ್ದ ಮೂವತ್ತರ ತರುಣ 'ಶಿವಮೊಗ್ಗದವನು'. ನಾಲ್ಕನೆಯವರು ಮೂಲತಃ ಕುಂದಾಪುರದ ಕಡೆಯವರು. ಆದರೆ ಹದಿಮೂರನೆಯ ವಯಸ್ಸಿನಿಂದ ಮುಂಬಯಿಯಲ್ಲೇ ಬೆಳೆದವರಾದ್ದರಿಂದ 'ಮುಂಬಯಿಯವರು'.

2013ರ ಜೂನಿನ ಜಲಪ್ರಳಯದ ನಂತರ ಕೇದಾರದ ದಾರಿ ಬದಲಾಗಿದೆ. ರಾಮಬಾಡಾ ಎಂಬ ತಂಗುದಾಣವೇ ಕೊಚ್ಚಿಹೋಗಿ, ಅಲ್ಲಿಂದ ಮುಂದಕ್ಕೆ ಮಂದಾಕಿನಿಯ ಆಚೆಯ ದಡದಲ್ಲಿ ಹೊಸ ಹಾದಿ ಕಡಿದಿದ್ದಾರೆ. ಗೌರೀಕುಂಡದಿಂದ ಸುಮಾರು 16 ಕಿಲೋಮೀಟರು ಏರಬೇಕು. ಅರ್ಧ ದಾರಿಗೆ ಹುಬ್ಬಳ್ಳಿಯವರ ಮೊಣಕಾಲು ಮುಷ್ಕರ ಹೂಡಿತು. ಹಣದ ಚೀಲ ಕೆಳಗೆ ಬಸ್ಸಿನಲ್ಲಿ. ಎದುರಿಗೆ ನಿಂತ ಕುದುರೆಯವನು ಎರಡು ಸಾವಿರದ ಮುನ್ನೂರಕ್ಕೆ ಒಂದು ಬಿಡಿಗಾಸೂ ಇಳಿಯಲೊಲ್ಲ. ಆಗ ಮುಂಬಯಿಯವರು ಮರುಮಾತಾಡದೆ ಹಣ ಎಣಿಸಿ, ಹುಬ್ಬಳ್ಳಿಯವರನ್ನು ಕುದುರೆಯ ಮೇಲೆ ಹತ್ತಿಸಿ, ತಾವು ಅದರ ಬಾಲದ ಹಿಂದೆ ನಡೆದರು. ಇಳಿದು ಬರುವಷ್ಟರಲ್ಲಿ ಮಳೆ ಹಿಡಿಯಿತು. ಮುಂದಿನ ರಸ್ತೆಯ ಮೇಲೆ ಗುಡ್ಡ ಜರಿದು, ಸೋನಪ್ರಯಾಗದ ಒಂದು ಕೋಣೆಯಲ್ಲಿ ನಾಲ್ವರೂ ಮೂರು ರಾತ್ರಿ ಸೆರೆಯಾದರು. ಹಾಸಿಗೆ ಎರಡು, ಕಂಬಳಿ ಮೂರು. ಮುಂಬಯಿಯವರ ಚೀಲದಲ್ಲಿದ್ದ ಅವಲಕ್ಕಿಯೇ ಮೊದಲ ರಾತ್ರಿಯ ಊಟ. ಮೈಸೂರಿನವರು ತಮ್ಮ ಹಳೆಯ ಅಭ್ಯಾಸದಂತೆ ಒಂದು ಚಿಕ್ಕ ನೋಟುಪುಸ್ತಕದಲ್ಲಿ ಜಂಟಿ ಖರ್ಚಿನ ಲೆಕ್ಕ ಬರೆದರು.

ಹರಿದ್ವಾರದಲ್ಲಿ ಹುಬ್ಬಳ್ಳಿಯವರು ಕುದುರೆಯ ಹಣ ಕೊಡಲು ಹೋದಾಗ ಮುಂಬಯಿಯವರು ಅವರ ಕೈಯನ್ನು ಹಿಂದಕ್ಕೆ ಒತ್ತಿ ಹೇಳಿದ್ದು ಇದು: "ಇಲ್ಲಿ ಬೇಡ ಮಾರಾಯ್ರೆ. ಮುಂಬಯಿಗೆ ಬಂದು ಕೊಡಿ. ಒಂದು ರಾತ್ರಿ ಪೂರ್ತಿ ನಿಮಗೆ ನನ್ನ ಊರು ತೋರಿಸ್ತೆ."

ಬಾಕಿ ಉಳಿದದ್ದು ಹೀಗೆ. ಏಳು ವರ್ಷ ಉಳಿಯಿತು. ಮೊಬೈಲಿನ ಗುಂಪಿನಲ್ಲಿ ಪ್ರತಿದಿನ ಬೆಳಿಗ್ಗೆ ಸೂರ್ಯೋದಯದ ಚಿತ್ರಗಳು ನಾಲ್ಕು ದಿಕ್ಕುಗಳಿಂದ ಬಂದು ಬೀಳುತ್ತಿದ್ದವು. ಕುಶಲಪ್ರಶ್ನೆಗೆಲ್ಲ ಕೈಜೋಡಿಸಿದ ಗುರುತೇ ಉತ್ತರವಾಗಿತ್ತು. 2025ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯವರು ಠಾಣೆಯಲ್ಲಿದ್ದ ಮಗಳ ಮನೆಗೆ ಬಂದರು. ಶಿವಮೊಗ್ಗದವನಿಗೆ ಮುಂಬಯಿಯಲ್ಲಿ ಯಾವುದೋ ಸಾಮಾನು ಕೊಳ್ಳುವುದಿತ್ತು. ಮೈಸೂರಿನವರಿಗೆ ಯಾವ ಕಾರಣವೂ ಇರಲಿಲ್ಲ. ಅವರು ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಸುಮ್ಮನೆ ಹೊರಟು ದಾದರಿಗೆ ಬಂದಿಳಿದರು.

ಸಂಜೆ ನಾಲ್ಕಕ್ಕೆ ಮಾಟುಂಗದ ಒಂದು ಉಡುಪಿ ಹೋಟೆಲಿನ ಮುಂದೆ ಸೇರುವುದೆಂದು ಗೊತ್ತಾಗಿತ್ತು. ಮಾಟುಂಗವನ್ನು ಆರಿಸಿದ್ದರಲ್ಲಿ ಔಚಿತ್ಯವಿತ್ತು. 1926ರಷ್ಟು ಹಿಂದೆಯೇ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ಬಾಳೆಯೆಲೆ, ಮಲ್ಲಿಗೆ, ಫಿಲ್ಟರ್ ಕಾಫಿಪುಡಿ ಬೀದಿಯಲ್ಲೇ ಸಿಗುತ್ತವೆ. ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಎದೆಬಡಿತ ಹದಕ್ಕೆ ಬರುವ ಸ್ಥಳ ಅದು.

ಏಳು ವರ್ಷದಲ್ಲಿ ಎಲ್ಲರೂ ಬದಲಾಗಿದ್ದರು. ಹುಬ್ಬಳ್ಳಿಯವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಶಿವಮೊಗ್ಗದವನಿಗೆ ಹೊಟ್ಟೆಯೂ ಎರಡು ಮಕ್ಕಳೂ ಆಗಿದ್ದವು. ಮುಂಬಯಿಯವರು ಮಾತ್ರ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಮೊದಲಿಗಿಂತ ಸ್ವಲ್ಪ ತೆಳ್ಳಗಾಗಿ, ಮೊದಲಿಗಿಂತ ಸ್ವಲ್ಪ ಜೋರಾಗಿ ನಗುತ್ತಿದ್ದರು. ದೋಸೆ ಮುಗಿಸಿ ಅವರು ಕೈತೊಳೆಯಲು ಎದ್ದುಹೋದಾಗ, ಲೋಟ ತೆಗೆಯಲು ಬಂದ ಮಾಣಿ ಮೈಸೂರಿನವರ ಕಿವಿಯ ಬಳಿ ಬಗ್ಗಿ, "ನೀವು ಅವರ ಊರಿನವರಾ? ಈ ಹೊತ್ತು ಕ್ಯಾಶಿಗೆ ಬೇರೆ ಜನ ಕೂರಿಸಿ ಬಂದದ್ದಾ?" ಎಂದ. ಮೈಸೂರಿನವರು ಅರ್ಥವಾಗದೆ ನೋಡಿದರು. "ಅಲ್ಲ, ಕಂಪನಿ ಮುಚ್ಚಿದ ಮೇಲೆ ನಾನು ಮುಂಚೆ ಇದ್ದ ಹೋಟೆಲಲ್ಲಿ ರಾತ್ರಿಪಾಳಿ ಕ್ಯಾಶಿಗೆ ಕೂರುವುದಲ್ವಾ ಅವರು? ಎರಡು ವರ್ಷ ಆಯ್ತು. ರಜೆ ಹಾಕಿದರೆ ಸಂಬಳ ಇಲ್ಲ ಅಲ್ಲಿ. ಪಾಪ, ಒಳ್ಳೆ ಜನ." ಇಷ್ಟು ಹೇಳಿ ಅವನು ನಾಲ್ಕು ಲೋಟಗಳನ್ನು ನಾಲ್ಕು ಬೆರಳಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ಅಲ್ಲಿಂದ ಮುಂದೆ ಆ ಸಂಜೆಯ ಬಣ್ಣವೇ ಬದಲಾಯಿತು.

ಮೂವರಿಗೂ ತಿಳಿದಿದೆ, ನಾಲ್ಕನೆಯವರಿಗೆ, ತಿಳಿದಿದೆಯೆಂಬುದು ತಿಳಿಯಬಾರದು. ಅವರಾದರೋ ಒಂದು ಗಳಿಗೆ ಪಕ್ಕ ಬಿಟ್ಟು ಸರಿಯುವುದಿಲ್ಲ. ಟಿಕೇಟಿನ ಸಾಲಿನಲ್ಲಿ ಅವರು ನಿಂತ ಎರಡು ನಿಮಿಷದಲ್ಲಿ ಮೂವರು ತಲೆ ಕೂಡಿಸಿದರು. "ರಾತ್ರಿ ಊಟ ದೊಡ್ಡ ಕಡೆ ಅಂದಾರ. ಬ್ಯಾಡ ಅಂದ್ರ ಮನಸಿಗೆ ಹತ್ತತೈತಿ," ಎಂದರು ಹುಬ್ಬಳ್ಳಿಯವರು. "ಹಣ ನಾನು ಕೊಟ್ಟುಬಿಡ್ತೀನಿ," ಎಂದ ಶಿವಮೊಗ್ಗದವನು, ದುಡ್ಡು ಹೊಸದಾಗಿ ಕೈಸೇರಿದವರ ಸರಳತೆಯಿಂದ. "ನೀನು ಕೊಟ್ಟರೆ ಅವರಿಗೆ ಇನ್ನೂ ಕೆಟ್ಟದ್ದು ಕಣಪ್ಪ," ಎಂದರು ಮೈಸೂರಿನವರು. ಕೊನೆಗೆ, ಎಲ್ಲರೂ ಕಡಿಮೆ ತಿನ್ನುವುದೆಂದು ನಿರ್ಣಯವಾಯಿತು. ಇದಕ್ಕಿಂತ ಅವಿವೇಕದ ನಿರ್ಣಯವನ್ನು ಯಾವ ಸಭೆಯೂ ಅಂಗೀಕರಿಸಿರಲಾರದು.

ಮುಂಬಯಿಯವರು ತಮ್ಮ ಊರನ್ನು ಅಭಿಮಾನದಿಂದ ತೋರಿಸಿದರು. 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದ ನೆನಪಿಗೆಂದು ಕಟ್ಟತೊಡಗಿ 1924ರಲ್ಲಿ ಮುಗಿದ ಗೇಟ್‌ವೇ ಮುಂದೆ ನಿಲ್ಲಿಸಿ, 1948ರ ಫೆಬ್ರವರಿಯಲ್ಲಿ ಕೊನೆಯ ಬ್ರಿಟಿಷ್ ಪಡೆ ಇದೇ ಬಾಗಿಲಿನಿಂದ ಹಡಗು ಹತ್ತಿತೆಂದು ವಿವರಿಸಿದರು. ಸ್ವಾಗತಕ್ಕೆಂದು ಎಬ್ಬಿಸಿದ ಬಾಗಿಲು ಬೀಳ್ಕೊಡುಗೆಗೆ ಒದಗಿತು! ಹುಬ್ಬಳ್ಳಿಯವರು ಹಳೆಯ ಫಿಯಟ್ ಟ್ಯಾಕ್ಸಿಯನ್ನು ಹುಡುಕಿದರು. ಅವು 2023ರಲ್ಲೇ ರಸ್ತೆಯಿಂದ ಮರೆಯಾಗಿದ್ದವು. ಅದರ ಬದಲಿಗೆ ಹೊಸ ಎರಡಂತಸ್ತಿನ ವಿದ್ಯುತ್ ಬಸ್ಸಿನ ಮಹಡಿಯಲ್ಲಿ ಮುಂದಿನ ಆಸನ ಸಿಕ್ಕಿತು. ನಾಲ್ವರು ಪ್ರೌಢರು ಕಿಟಕಿಗೆ ಮೂಗು ಒತ್ತಿಕೊಂಡು ಕುಳಿತರು.

ಬಸ್ಸಿನಲ್ಲಿ ಮೈಸೂರಿನವರು ಮೆಲ್ಲನೆ, "ನಿಮ್ಮ ಮನೆ ಯಾವ ಕಡೆ ಬಂತು?" ಎಂದು ಕೇಳಿದರು.

"ಡೊಂಬಿವಿಲಿ. ಬಹಳ ದೂರ. ಅಲ್ಲಿ ನೋಡುವಂಥಾದ್ದು ಎಂತದೂ ಇಲ್ಲ," ಎಂದು ಅವರು ಮಾತು ತಿರುಗಿಸಿದರು.

ಡೊಂಬಿವಿಲಿಯಿಂದ ಮುಖ್ಯ ನಿಲ್ದಾಣಕ್ಕೆ ಸುಮಾರು 48 ಕಿಲೋಮೀಟರು. ಮುಂಬಯಿಯಲ್ಲಿ ದುಡಿದು ಮುಂಬಯಿಯಲ್ಲೇ ಮಲಗುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ಮಾಡಿದ ಊರು ಅದು. ಮೂರು ಕಡೆ ನೀರು, ಬೆಳೆಯಲು ಉಳಿದದ್ದು ಉತ್ತರದ ಒಂದೇ ದಿಕ್ಕು. 1947ರ ಬಾಡಿಗೆ ಕಾಯಿದೆ ಹಳೆಯ ಬಾಡಿಗೆದಾರರನ್ನು ರಕ್ಷಿಸಿತು, ನಿಜ. ಹಿಂದಿನ ಕಾಲದ ಬಾಡಿಗೆಗೇ ಅವರು ನೆಲೆ ನಿಂತರು. ಆದರೆ ಆಮೇಲೆ ಬಂದವರಿಗೆ ಬಾಡಿಗೆಗೆ ಮನೆ ಕಟ್ಟಿಸಿ ಕೊಡುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ಹೀಗಾಗಿ ಊರು ಕಟ್ಟಿದವರೇ ಊರಿನಿಂದ ಮೈಲಿಗಟ್ಟಲೆ ಆಚೆಗೆ ಹೋಗಿ ಬಿದ್ದಿದ್ದಾರೆ. ಬೆಳಗ್ಗೆ ಸಂಜೆ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತಾಡಿಕೊಂಡು ಬಂದು ಹೋಗುತ್ತಾರೆ.

ಊಟದ ಸ್ಥಳ ಕಡಲಿಗೆ ಮುಖಮಾಡಿದ ಒಂದು ಮೇಲ್ಮಹಡಿ. ದೀಪಗಳನ್ನು ಬೇಕೆಂದೇ ಮಂಕು ಮಾಡಿದ್ದರು. ತಿನಿಸುಗಳ ಪಟ್ಟಿ ಮೈಸೂರಿನವರ ಮದುವೆಯ ಆಲ್ಬಮ್ಮಿನಷ್ಟು ದಪ್ಪವಿತ್ತು. ಹುಬ್ಬಳ್ಳಿಯವರು ಅದನ್ನು ಉರ್ದು ಓದುವವರಂತೆ ಬಲದಿಂದ ಎಡಕ್ಕೆ ಓದಿದರು: ಮೊದಲು ಬೆಲೆ, ಆಮೇಲೆ ಪದಾರ್ಥ. ಒಂದು ಬಟ್ಟಲು ಸಾರಿನಂಥದ್ದಕ್ಕೆ ಐನೂರ ತೊಂಬತ್ತೈದು. ಸೋನಪ್ರಯಾಗದಲ್ಲಿ ಮೂರು ರಾತ್ರಿ ಆ ದುಡ್ಡಿನಲ್ಲಿ ನಾಲ್ವರೂ ರೊಟ್ಟಿ ತಿಂದಿದ್ದರು.

"ನನಗ ಇವತ್ತು ಸಂಕಷ್ಟಿರೀ," ಎಂದು ಹುಬ್ಬಳ್ಳಿಯವರು ಪಟ್ಟಿಯನ್ನು ಮಡಿಸಿಟ್ಟರು.

ಸುಳ್ಳು ಹೇಳುವುದಕ್ಕೂ ಊರು ನೋಡಬೇಕು. ಮಹಾರಾಷ್ಟ್ರದಲ್ಲಿ ನಿಂತು ಸಂಕಷ್ಟಿಯ ಬಗ್ಗೆ ಸುಳ್ಳು ಹೇಳುವುದೆಂದರೆ ಉಡುಪಿಯಲ್ಲಿ ಏಕಾದಶಿಯನ್ನು ಮರೆಸಲು ಹೋದಂತೆ. "ಸಂಕಷ್ಟಿ ಹೋದ ವಾರವೇ ಆಯ್ತಲ್ಲ," ಎಂದರು ಮುಂಬಯಿಯವರು. ಮೈಸೂರಿನವರು ರಾತ್ರಿ ಹೊತ್ತು ಹಾಲು ಮಾತ್ರ ಎಂದರು. ದೋಸೆ ಇನ್ನೂ ಕರಗಿಲ್ಲವೆಂದು ಶಿವಮೊಗ್ಗದವನು ಹೊಟ್ಟೆ ಸವರಿಕೊಂಡ. ಮುಂಬಯಿಯವರ ನಗು ಒಂದು ಕ್ಷಣ ತುಟಿಯ ಮೇಲೆಯೇ ನಿಂತಿತು. ಅವರು ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಬಳಿಕ ಬಡಿಸುವವನನ್ನು ಕರೆದು, ಯಾರನ್ನೂ ಕೇಳದೆ, ಪಟ್ಟಿಯ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹೇಳುತ್ತ ಹೋದರು.

ಬಂದದ್ದನ್ನೆಲ್ಲ ತಿಂದರು. ತಿನ್ನದೆ ಉಪಾಯವಿರಲಿಲ್ಲ. ರುಚಿ ಹೇಗಿತ್ತೆಂದು ಆಮೇಲೆ ಮೂವರಲ್ಲಿ ಯಾರಿಗೂ ಹೇಳಲಾಗಲಿಲ್ಲ. ಮೈಸೂರಿನವರು ನಡುವೆ ಎದ್ದು ಕೈತೊಳೆಯುವ ಕೋಣೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಮರಳಿ ಬಂದು, ಗಲ್ಲಾದ ಬಳಿ ಯಾರೊಡನೆಯೋ ಮಾತಾಡುತ್ತಿದ್ದೆನೆಂದರು. ಬಿಲ್ಲು ಒಂಬತ್ತು ಸಾವಿರದ ಎಂಟುನೂರು. ಮುಂಬಯಿಯವರು ಅಂಗಿಯ ಒಳಜೇಬಿನಿಂದ ಒಂದು ಲಕೋಟೆ ತೆಗೆದರು. ಐನೂರರ ನೋಟುಗಳು, ಹೊಸವಲ್ಲ. ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಮಡಿಕೆ ಬಿದ್ದವು. ಇಪ್ಪತ್ತನ್ನು ಎಣಿಸಿಟ್ಟರು. ಉಳಿದ ಇನ್ನೂರನ್ನು ಬಡಿಸಿದವನಿಗೆ ಬಿಟ್ಟರು.

ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕಡಲಿಗೆ ಬೆನ್ನುಮಾಡಿ ಕುಳಿತಾಗ ಹನ್ನೊಂದು ದಾಟಿತ್ತು. ಬಿಲ್ಲಿನಂತೆ ಬಾಗಿದ ಆ ದಾರಿಯ ದೀಪಗಳಿಗೆ ರಾಣಿಯ ಕಂಠೀಹಾರವೆಂದು ಹೆಸರು. 2015ರಲ್ಲಿ ಹಳದಿ ದೀಪ ತೆಗೆದು ಬಿಳಿಯದನ್ನು ಹಾಕಿದಾಗ, ಹಾರದ ಚಿನ್ನ ಬೆಳ್ಳಿಯಾಯಿತೆಂದು ಊರಿಗೆ ಊರೇ ಮರುಗಿತ್ತಂತೆ. ಸೈಕಲ್ಲಿನ ಮೇಲೆ ಚಹಾ ಮಾರುವವನೊಬ್ಬ ಬಂದ. ಆ ಚಹಾಕ್ಕೆ ದುಡ್ಡು ಕೊಡಲು ಮೂರು ಕೈಗಳು ಒಟ್ಟಿಗೇ ಮುಂದೆ ಚಾಚಿದವು. ಅಷ್ಟು ಆತುರದಿಂದ ಚಾಚಿದ್ದೇ ತಪ್ಪಾಯಿತು.

"ಮಾಟುಂಗದಲ್ಲಿ ಆ ಹುಡುಗ ಹೇಳಿದ, ಅಲ್ವಾ?" ಎಂದರು ಮುಂಬಯಿಯವರು.

ಯಾರೂ ಉತ್ತರಿಸಲಿಲ್ಲ. ಹಿಂದೆ ಅಲೆಗಳು ಕಾಂಕ್ರೀಟಿನ ನಾಲ್ಕುಗಾಲಿನ ಬಂಡೆಗಳ ಸಂದಿನಲ್ಲಿ ನುಗ್ಗಿ ಹಿಂದಕ್ಕೆ ಸರಿಯುತ್ತಿದ್ದವು.

"ಊಟದ ಹೊತ್ತಿಗೇ ಗೊತ್ತಾಯಿತು ನನಗೆ. ಮೂರು ಜನರಿಗೆ ಒಟ್ಟಿಗೇ ಹಸಿವು ಹೋಗುವುದುಂಟಾ? ನೋಡಿ, ಈ ಊರಿನಲ್ಲಿ ನಾನು ಕುಂದಾಪುರದವ. ಕುಂದಾಪುರಕ್ಕೆ ಹೋದರೆ ಬೊಂಬಾಯಿಯವ, ಅಲ್ಲಿ ಎಂತ ಸಂಪಾದನೆ ಅಂತಲೇ ಎಲ್ಲರೂ ಕೇಳುವುದು. ನಿಮ್ಮ ಹತ್ತಿರ ಮಾತ್ರ ಏನೂ ಲೆಕ್ಕ ಹೇಳದೆ ಮೂರು ರಾತ್ರಿ ಕಳೆದದ್ದು. ಇದೊಂದು ರಾತ್ರಿಯೂ ಹಾಗೇ ಆಗಲಿ ಅಂತ ಒಂದು ಆಸೆ ಇತ್ತು, ಅಷ್ಟೇ."

ಹುಬ್ಬಳ್ಳಿಯವರು ಕರವಸ್ತ್ರ ತೆಗೆದು ಮೂಗನ್ನು ಅಗತ್ಯಕ್ಕಿಂತ ಜೋರಾಗಿ ಸೀನಿದರು.

ಮೈಸೂರಿನವರು ಚೀಲದಿಂದ ಹಳೆಯ ನೋಟುಪುಸ್ತಕ ಹೊರತೆಗೆದರು. ಮಳೆನೀರು ತಾಗಿ ಅದರ ಅಂಚು ಉಬ್ಬಿತ್ತು. "ಲೆಕ್ಕದ ಮಾತು ಬಂತಲ್ಲ, ಕೇಳಿ," ಎಂದು ಓದತೊಡಗಿದರು. ಬಿಸಿನೀರು ನಾಲ್ಕು ಬಕೆಟ್ಟು. ಮೇಣದಬತ್ತಿ ಎರಡು. ಹುಬ್ಬಳ್ಳಿಯವರ ಹಠಕ್ಕೆ ಜಿಲೇಬಿ ಕಾಲು ಕೆಜಿ. ಅದೇ ಜಿಲೇಬಿಯಿಂದಾದ ಅಜೀರ್ಣಕ್ಕೆ ಮಾತ್ರೆ. ಶಿವಮೊಗ್ಗದವನು ನಗತೊಡಗಿದ, ನಗು ಅಂಟುರೋಗ, ಸ್ವಲ್ಪ ಹೊತ್ತಿಗೆ ನಾಲ್ವರೂ ಆ ಕೋಣೆಯಲ್ಲಿದ್ದರು. ಕೊನೆಯ ಪುಟಕ್ಕೆ ಬಂದಾಗ ಮೈಸೂರಿನವರು ಗಂಟಲು ಸರಿಪಡಿಸಿಕೊಂಡು, "ಆಗ ಲೆಕ್ಕ ಮುಗಿಸಿರಲಿಲ್ಲ ನೋಡಿ. ಮುಂಬಯಿಯವರಿಗೆ ಉಳಿದ ಮೂವರಿಂದ ಸಲ್ಲಬೇಕಾದ ಹಳೆಯ ಬಾಕಿ, ಏಳು ಸಾವಿರದ ಮುನ್ನೂರ ಐವತ್ತು," ಎಂದು ಓದಿದರು.

ಮುಂಬಯಿಯವರು ಕೈಚಾಚಿ ಪುಸ್ತಕ ತೆಗೆದುಕೊಂಡರು. ದೀಪಕ್ಕೆ ಹಿಡಿದರು. ಕೊನೆಯ ಸಾಲಿನ ಮೇಲೆ ಹೆಬ್ಬೆರಳಿನಿಂದ ಉಜ್ಜಿದರು. ನೀಲಿ ಶಾಯಿ ಬೆರಳಿಗೆ ಹತ್ತಿತು. ಏಳು ವರ್ಷದ ಶಾಯಿ ಹಾಗೆ ಹತ್ತುವುದಿಲ್ಲ.

"ಒಂಬತ್ತು ಸಾವಿರದ ಎಂಟುನೂರಕ್ಕೆ ಮುಕ್ಕಾಲು ಪಾಲು," ಎಂದರು ಅವರು, ಒಂದು ಕ್ಷಣವೂ ಯೋಚಿಸದೆ. "ರಾತ್ರಿಪಾಳಿ ಕ್ಯಾಶಿಗೆ ಕೂರುವವನ ಹತ್ತಿರ ಈ ಆಟ ಬೇಡ ಮಾರಾಯ್ರೆ. ಬ್ಯಾಂಕಿನಲ್ಲಿ ಹೀಗೆಯೇ ಬರೆಯುತ್ತಿದ್ದಿರಾ?"

ಮೂವತ್ತೈದು ವರ್ಷ ಒಂದು ಪೈಸೆಯ ತಪ್ಪೆಣಿಕೆ ಮಾಡದ ಮೈಸೂರಿನವರು ತಲೆ ತಗ್ಗಿಸಿದರು. ಜೀವನದಲ್ಲಿ ಅವರು ಬರೆದ ಒಂದೇ ಒಂದು ಸುಳ್ಳು ಲೆಕ್ಕ ಎರಡು ಗಂಟೆಯೂ ಬಾಳಲಿಲ್ಲ.

ಅಷ್ಟರಲ್ಲಿ ಮಧ್ಯರಾತ್ರಿ ಕಳೆದು ಡೊಂಬಿವಿಲಿಯ ಕೊನೆಯ ಗಾಡಿಯೂ ಹೊರಟುಹೋಗಿತ್ತು. ಪೊಲೀಸರ ವಾಹನವೊಂದು ನಿಧಾನವಾಗಿ ಬಂದು ಕಟ್ಟೆಯ ಮೇಲಿದ್ದವರನ್ನು ಎಬ್ಬಿಸಿತು. ನಾಲ್ವರೂ ಚರ್ಚ್‌ಗೇಟ್ ಕಡೆಯಿಂದ ಕೋಟೆಯ ಬೀದಿಗಳಲ್ಲಿ ನಡೆದರು. ಹಗಲಲ್ಲಿ ಕಾಲಿಡಲು ಎಡೆಯಿಲ್ಲದ ಆ ರಸ್ತೆಗಳಲ್ಲಿ ನಾಯಿಗಳು ನಡುಬೀದಿಯಲ್ಲೇ ಮಲಗಿದ್ದವು. ಮುಂಬಯಿಯವರು ಈಗ ಬೇರೆಯೇ ಊರನ್ನು ತೋರಿಸಿದರು. ಈ ಮೂಲೆಯ ಹೋಟೆಲಿನಲ್ಲಿ, ಈಗ ಅಲ್ಲಿ ಬೂಟಿನ ಅಂಗಡಿ, ತಟ್ಟೆ ತೊಳೆದದ್ದು. ಆ ಕಟ್ಟಡದ ಮೇಲೆ ಕನ್ನಡದ ರಾತ್ರಿಶಾಲೆ; ಹೋಟೆಲಿನ ಹುಡುಗರೆಲ್ಲ ಸಂಜೆ ಕೈಯ ಜಿಡ್ಡು ತೊಳೆದುಕೊಂಡು ಅಲ್ಲಿಗೆ ಓಡುತ್ತಿದ್ದರು. ನಿದ್ದೆ ಬರದಿರಲೆಂದು ಹಿಂದಿನ ಬೆಂಚಿನವರು ನಿಂತೇ ಪಾಠ ಕೇಳುತ್ತಿದ್ದರು. ಅಲ್ಲಿ ಹತ್ತನೆಯ ತರಗತಿ ಮುಗಿಸಿ ಕಂಪನಿಯಲ್ಲಿ ಗುಮಾಸ್ತೆಯಾದದ್ದು. ಆ ಕಂಪನಿ ಇದ್ದ ಬೀದಿಗೆ ಮಾತ್ರ ಅವರು ತಿರುಗಲಿಲ್ಲ.

ಗೇಟ್‌ವೇ ಮುಂದೆ ಇಸವಿಗಳನ್ನು ಒಪ್ಪಿಸಿದಾಗ ಕಾಣದಿದ್ದ ಒಂದು ಹುರುಪು ಈ ಅಂಗಡಿಮುಂಗಟ್ಟುಗಳ ಮುಚ್ಚಿದ ಬಾಗಿಲುಗಳ ಮುಂದೆ ಅವರ ಮಾತಿಗೆ ಬಂದಿತ್ತು. ಹುಬ್ಬಳ್ಳಿಯವರು ಶಸ್ತ್ರಚಿಕಿತ್ಸೆಯಾದ ಮೊಣಕಾಲನ್ನು ಮರೆತು ಕಿವಿಗೊಟ್ಟು ನಡೆಯುತ್ತಿದ್ದರು.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಒಳಗೆ ಒಂದು ಕಂಬದ ಬುಡದಲ್ಲಿ ಕುಳಿತರು. ಸುತ್ತಲೂ ಗಂಟುಮೂಟೆಗಳ ಮೇಲೆ ತಲೆಯಿಟ್ಟು ಜನ ಮಲಗಿದ್ದರು. ಸೋನಪ್ರಯಾಗದ ಮೇಲೆ ಹೀಗೆ ನೆಲದ ಮೇಲೆ ಕುಳಿತದ್ದು ಇದೇ ಮೊದಲು. ಮುಂಬಯಿಯವರು ಪೆನ್ನು ಕೇಳಿ ತೆಗೆದುಕೊಂಡು, ಪುಸ್ತಕದ ಸುಳ್ಳು ಸಾಲನ್ನು ನೇರವಾದ ಒಂದು ಗೆರೆಯಿಂದ ಹೊಡೆದುಹಾಕಿದರು.

"ಕುದುರೆಯದ್ದು ನಿಜವಾದ ಬಾಕಿ. ಅದನ್ನು ಬಿಡುವುದಿಲ್ಲ. ಎರಡು ಸಾವಿರದ ಮುನ್ನೂರು," ಎಂದು ಹುಬ್ಬಳ್ಳಿಯವರ ಮುಂದೆ ಅಂಗೈ ಚಾಚಿದರು.

ಹುಬ್ಬಳ್ಳಿಯವರು ಎಣಿಸಿಕೊಟ್ಟರು. ಅಷ್ಟು ಸಂತೋಷದಿಂದ ಸಾಲ ತೀರಿಸಿದ ವ್ಯಾಪಾರಿಯನ್ನು ಹುಬ್ಬಳ್ಳಿಯ ಪೇಟೆ ಕಂಡಿರಲಾರದು. "ಬಡ್ಡಿ?" ಎಂದರು. "ಬಡ್ಡಿಗೆ ಜಿಲೇಬಿ ಕೊಡಿಸಿ," ಎಂದರು ಇವರು.

"ಉಳಿದ ಐದು ಸಾವಿರದ ಐವತ್ತು?" ಎಂದು ಮೈಸೂರಿನವರು ಬಿಡದೆ ಕೇಳಿದರು.

ಮುಂಬಯಿಯವರು ಬಹಳ ಹೊತ್ತು ಯೋಚಿಸಿದರು. ಕಡೆಗೆ, "ಅದು ನಿಮ್ಮ ಹತ್ತಿರವೇ ಇರಲಿ. ಮಳೆಗಾಲ ಮುಗಿದ ಮೇಲೆ ಕೊಡಚಾದ್ರಿಗೆ ಹೋಗುವ. ನನ್ನ ಪಾಲಿನ ಖರ್ಚು ಮುಂಗಡ ಬಂದಿದೆ ಅಂತ ಬರೆಯಿರಿ," ಎಂದರು. ಮೈಸೂರಿನವರು ಹೊಸ ಪುಟ ತೆಗೆದು, ತಲೆಬರಹದ ಕೆಳಗೆ ಎರಡು ಗೆರೆ ಎಳೆದು, ಹಾಗೆಯೇ ಬರೆದರು. ಶಿವಮೊಗ್ಗದವನು, ಕೊಡಚಾದ್ರಿಗೆ ಜೀಪು ತನ್ನದೆಂದು ಸಾರಿ, ಲೆಕ್ಕದಲ್ಲಿ ಅದನ್ನು ಸೇರಿಸಕೂಡದೆಂದು ಹಠ ಹಿಡಿದು, ಹಿರಿಯರಿಂದ ಬೈಸಿಕೊಂಡ.

ನಸುಕಿಗೆ ಮೊದಲ ಗಾಡಿಗಳ ಪ್ರಕಟಣೆ ಕೇಳಿಸಿತು. ಮಲಗಿದ್ದವರು ಎದ್ದು ಗಂಟು ಕಟ್ಟತೊಡಗಿದರು. ಮುಂಬಯಿಯವರು ಅಂಗಿಯ ಮಡಿಕೆ ಸರಿಮಾಡಿಕೊಂಡು ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದರು.

"ಮನೆಗೇ ಬನ್ನಿ. ಹೆಂಡತಿ ಅವಲಕ್ಕಿ ಒಗ್ಗರಣೆ ಹಾಕುತ್ತಾಳೆ. ಒಂದೇ ಕೋಣೆ, ಮತ್ತೆ ಅಡುಗೆಮನೆ ಉಂಟು. ಸೋನಪ್ರಯಾಗದ್ದಕ್ಕಿಂತ ದೊಡ್ಡದು."

"ಕಂಬಳಿ ಎಷ್ಟವರೀ?" ಎಂದರು ಹುಬ್ಬಳ್ಳಿಯವರು.

ಮುಂಬಯಿಯವರ ಬಳಿ ತಿಂಗಳ ಪಾಸು ಇತ್ತು. ಉಳಿದ ಮೂವರಿಗೆ ಹುಬ್ಬಳ್ಳಿಯವರು ಟಿಕೇಟು ತಂದರು. ಮೈಸೂರಿನವರು ಗಾಡಿಯ ಕಿಟಕಿಯ ಬಳಿ ಕುಳಿತು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆದರು: ಡೊಂಬಿವಿಲಿಗೆ ಟಿಕೇಟು ಮೂರು, ತಲಾ ಹದಿನೈದರಂತೆ ನಲವತ್ತೈದು ರೂಪಾಯಿ.